ಕೊಡೆಯೊಳಗಿನ ಕಪ್ಪೆ

ಸಕಲೇಶಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಬಂಡೆಪ್ಪ ಮೇಷ್ಟ್ರಿಗೆ ಇಪ್ಪತ್ತು ಸಾವಿರ ವರ್ಷದ ಹಿಂದೆ ಎಂದರೆ ಹೋದ ಸೋಮವಾರವಿದ್ದಂತೆ. ಮಳೆ ಹಿಡಿದರೆ ಸಾಕು, ಬಿಸಿಲೆಯ ಹುಲ್ಲುಗುಡ್ಡ ಏರಿ, ಕಪ್ಪೆಗಳ ಬಾಯಲ್ಲಿ ಹತ್ತಿಕಡ್ಡಿ ಆಡಿಸಿ, ಆ ಎಂಜಲಿನಿಂದ ಯಾವ ಗುಡ್ಡದ ಕಪ್ಪೆಗೆ ಯಾವ ಗುಡ್ಡದ್ದು ನೆಂಟ ಎಂದು ಪತ್ತೆಮಾಡುತ್ತಾರೆ. "ಆಗ ಭಾರಿ ಚಳಿ ಕಣ್ರೀ, ಮಳೆ ಕಮ್ಮಿ, ಎಲ್ಲೆಲ್ಲೂ ಹುಲ್ಲೇ. ಕಪ್ಪೆಗಳೆಲ್ಲ ಒಂದೇ ಮನೆಯವು. ಆಮೇಲೆ ಮಳೆ ಜಾಸ್ತಿಯಾಗಿ ಕಣಿವೆಗೆಲ್ಲ ಕಾಡು ಬಂತು, ಹುಲ್ಲು ಗುಡ್ಡದ ತಲೆ ಮೇಲಷ್ಟೇ ಉಳೀತು, ಇವು ಗುಡ್ಡಗುಡ್ಡಕ್ಕೂ ಪಾಲಾಗ್ಬುಟ್ವು," ಎಂದು ಮದುವೆಮನೆಯ ಪಂಕ್ತಿಯಲ್ಲೂ ದಾಯಾದಿ ಜಗಳ ಬಿಡಿಸಿ ಬಂದವರಂತೆ ಹೇಳುತ್ತಾರೆ. ಕಳೆದ ಆಷಾಢದಲ್ಲಿ ನಾವಿಬ್ಬರೂ ಬಿಸಿಲೆ ಸುತ್ತಿ ದೋಣಿಗಲ್‌ಗೆ ಬಂದಿಳಿದು ಅವರು ಕೊಡೆ ಬಿಚ್ಚಿದರೆ, ಬಿಸಿಲೆಯ ಕಪ್ಪೆಯೊಂದು ಹೊರಗೆ ನೆಗೆಯಿತು. ಅದನ್ನು ಟೋಪಿಯಲ್ಲಿ ಹಿಡಿದು, ವಾಪಸ್ ಬಿಸಿಲೆಗೆಂದು ಸಿಕ್ಕ ಲಾರಿಗೆ ಕೈ ತೋರಿಸಿಯೇಬಿಟ್ಟರು. "ಒಂದು ಕಪ್ಪೆ ಇಲ್ಲೇ ಇದ್ರೆ ಏನಾಯ್ತದೆ ಮೇಷ್ಟ್ರೆ?" ಎಂದೆ. "ಇದ್ರ ಕೂಗು ಇಲ್ಲಿ ಯಾರ್ಗೂ ತಿಳಿಯಾಕಿಲ್ಲ ಕಣ್ರೀ," ಎಂದರು. ಬಿಸಿಲೆಯಲ್ಲಿ ಬಿಟ್ಟಾಗ ಅದು ಕದಲಲೇ ಇಲ್ಲ. ಮೇಷ್ಟ್ರು ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂತರು. ಹುಲ್ಲಿನಾಚೆ ಕಪ್ಪೆಗಳು ವಟಗುಟ್ಟಿದವು. ಇದು ಛಂಗನೆ ಹಾರಿತು. ಬೀದರಿನಿಂದ ಬಂದ ಹೊಸತರಲ್ಲಿ ಊರೆಲ್ಲ ತಮ್ಮ ಮಾತಿಗೆ ನಕ್ಕಿದ್ದಕ್ಕೆ ಅಪ್ಪಟ ಹಾಸನದ ಕನ್ನಡ ಕಲಿತ ಮೇಷ್ಟ್ರು, ನೆಮ್ಮದಿಯಿಂದ ಮುಖ ಒರೆಸಿಕೊಂಡು, ಅವರ ಬಾಯಲ್ಲಿ ನಾನೆಂದೂ ಕೇಳದ ದನಿಯಲ್ಲಿ ಹೇಳಿದರು: "ಹೋಗಪ್ಪ, ನಿಮ್ಮ ಮಂದಿ ಕರೀಲತ್ತಾರ."