ಸಾಬಣ್ಣ ಕಾಕಾನ ಹಾಡಿನ ಕಡೀ ನುಡಿ

ಡೀಸೆಲ್ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುವ ಕಡೆ ನನ್ನ ಬಾಯಲ್ಲಿ ನೀರೂರುತ್ತದೆಂದರೆ ನಗುತ್ತೀರಿ, ನಗಿರಿ. ಶಹಾಪುರದ ನಮ್ಮ ಮನೆಯಲ್ಲಿ ಸಂಜೆ ಆ ವಾಸನೆ ಬಾಗಿಲು ದಾಟಿತೆಂದರೆ ಸಾಬಣ್ಣ ಕಾಕಾ ಬಂದನೆಂದೇ ಅರ್ಥ. ಕಾಕಿ ಒಲೆಯ ಮುಂದಿನಿಂದಲೇ ತಟ್ಟೆಗಳನ್ನು ಸರಿಸುತ್ತಿದ್ದಳು. ಕಾಕಾ ಬರದೆ ಆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿಖಾರದ ಘಾಟು, ಎಲ್ಲದರ ಮೇಲೂ ಅವನ ಅಂಗಿಯ ಡೀಸೆಲ್ಲು. ಅದು ಕಾಲುವೆ ಅಗೆಯುತ್ತಿದ್ದ ಕಾಲ. ನೀರು ಇನ್ನೂ ಬಂದಿರಲಿಲ್ಲ. ಊರಿಗೆ ಬಂದದ್ದು ಕೆಂಪು ಧೂಳು, ದೊಡ್ಡ ದೊಡ್ಡ ಮಷೀನುಗಳು ಮತ್ತು ಎಲ್ಲೆಲ್ಲಿಯದೋ ಮಂದಿ. ನನ್ನಪ್ಪನ ತಮ್ಮನಾದ ಸಾಬಣ್ಣ ಕಾಕಾ ಆ ಕಾಲುವೆಯ ಮೇಲೆ ಡೋಜರ್ ಓಡಿಸುತ್ತಿದ್ದ.

ಅವನ ಮೀಸೆಯ ಬಗ್ಗೆಯೇ ಒಂದು ಪುಟ ಬರೆಯಬಹುದು. ಅಂಗಿಯ ಮೇಲಿನ ಮೂರು ಗುಂಡಿ ಅವನಿಗೆ ಬೇಕಿರಲಿಲ್ಲ. ಕುಡಿಯುತ್ತಿದ್ದ, ಬೀಡಿಯಿಂದ ಬೀಡಿ ಹಚ್ಚುತ್ತಿದ್ದ, ಕಾಲುವೆ ಕೆಲಸದವರ ಕ್ಯಾಂಪಿನಲ್ಲಿ ಜಗಳವಾದರೆ ಮೊದಲು ತೋಳೇರಿಸುತ್ತಿದ್ದ. ಚೇಳು ಕಡಿದ ದಿನವೂ ಕೆಲಸಕ್ಕೆ ಹೋಗಿದ್ದನೆಂಬ ಕತೆಯನ್ನು ಅವನೇ ಹೇಳಿ ಹೇಳಿ ಚೇಳು ವರ್ಷಕ್ಕೊಮ್ಮೆ ಗೇಣುದ್ದ ಬೆಳೆಯುತ್ತಿತ್ತು. ಆದರೆ ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ, ನಮ್ಮನ್ನೆಲ್ಲ ಹೆಗಲ ಮೇಲೆ ಹೊತ್ತು ಬೆಳೆಸಿದವನು. ಅವನನ್ನು ನೆನೆದರೆ ನನಗೆ ಇಂದಿಗೂ ಪ್ರೀತಿಯೇ ಮೊದಲು ಬರುತ್ತದೆ.

ಅವನ ಹತ್ತಿರ ಒಂದು ಟೇಪ್‌ರೆಕಾರ್ಡರ್ ಇತ್ತು, ಜೊತೆಗೆ ಒಂದೇ ಒಂದು ಕ್ಯಾಸೆಟ್. ಕ್ಯಾಂಪಿನ ಹೈದರಾಬಾದಿ ಮೆಕ್ಯಾನಿಕ್ ಊರಿಗೆ ಮರಳುವಾಗ ಕೊಟ್ಟು ಹೋದದ್ದು. ಅದರಲ್ಲೊಂದು ಇಂಗ್ಲಿಷ್ ರಾಕ್ ಹಾಡು. ಖಾಲಿ ಡ್ರಮ್ಮನ್ನು ಬಂಡೆಯ ಮೇಲೆ ಎಳೆದಂತೆ ಗಿಟಾರು ಶುರುವಾಗುತ್ತಿತ್ತು, ಹಿಂದೆಯೇ ಒಬ್ಬ ಗಂಟಲು ಹರಿದುಕೊಂಡು ಕೂಗುತ್ತಿದ್ದ. ಕಾಕಾ ತೊಡೆ ತಟ್ಟುತ್ತ, ಬಂದವರಿಗೆಲ್ಲ ಅದನ್ನೇ ಕೇಳಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಕಾಕಿಯನ್ನು ಕೂರಿಸಿ ಅರ್ಥ ಕೇಳಿದ್ದನಂತೆ. ಕಾಕಿಯ ಅಪ್ಪ ಸುರಪುರದಲ್ಲಿ ಇಂಗ್ಲಿಷ್ ಮಾಸ್ತರರು, ಅವಳೂ ಹತ್ತನೆಯವರೆಗೆ ಓದಿದವಳು. "ಗಂಡಸಂದ್ರ ನನ್ನಂಗ ಇರಬೇಕು ಅಂತಾನ್ರಿ," ಎಂದಿದ್ದಳು. ಅಂದಿನಿಂದ ಅದು ಕಾಕಾನ ಹಾಡಾಯಿತು. ಕಾಕಿ ಸುಳ್ಳು ಹೇಳಿರಲಿಲ್ಲ. ಹಾಡುವವನು ಹೇಳುತ್ತಿದ್ದುದು ಅದನ್ನೇ. ಯಾವ ದನಿಯಲ್ಲಿ ಹೇಳುತ್ತಿದ್ದ ಎಂಬುದನ್ನು ಮಾತ್ರ ಅವಳು ಬಿಟ್ಟಿದ್ದಳು. ಮಧ್ಯಾಹ್ನ ಜೋಳ ಹಸನು ಮಾಡುತ್ತ, ಟೇಪನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಒಬ್ಬಳೇ ನಗುವುದನ್ನು ನಾನು ನೋಡಿದ್ದೆ.

ಒಂದು ಬೇಸಿಗೆ ಕಾಕಾನ ಪಾದಕ್ಕೆ ತುಕ್ಕು ಹಿಡಿದ ಸಲಾಕೆ ಹೊಕ್ಕಿತು. ಸುಣ್ಣ ಅರಿಶಿನ ಮೆತ್ತಿಕೊಂಡು ಎರಡು ದಿನ ಕುಂಟುತ್ತಲೇ ಕೆಲಸಕ್ಕೆ ಹೋದ. ಆಮೇಲೆ ಕಾಲು ಮೊಣಕಾಲಿನವರೆಗೂ ಬಾತು, ಮೈ ಕೆಂಡವಾಗಿ ಹಗ್ಗದ ಹೊರಸು ಹಿಡಿದು ಮಲಗಿದ. ದವಾಖಾನೆ ಎಂದರೆ ಸಿಡಿಮಿಡಿ. "ಚೇಳಿಗಿ ಅಂಜದಾಂವ ಸಲಾಕಿಗಿ ಅಂಜ್ತೇನೇನು? ಹೋಗ್ರಿ, ನಿಮ್ಮ ಕೆಲಸ ನೋಡ್ರಿ," ಎಂದು ಎಲ್ಲರನ್ನೂ ಅಟ್ಟಿದ. ಅಪ್ಪ ಕೈಮುಗಿದರೂ ಕೇಳಲಿಲ್ಲ. ಪಕ್ಕದ ಓಣಿಯಲ್ಲಿ ಹೀಗೇ ಒಬ್ಬ ಹೋಗಿದ್ದ. ಕಾಲಲ್ಲ, ಜೀವವೇ ಹೋಗುತ್ತದೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾಕಿ ಟೇಪನ್ನು ತಂದು ಹೊರಸಿನ ಪಕ್ಕ ಇಟ್ಟಳು. ನನ್ನವ್ವನನ್ನೂ, ಅಪ್ಪನ ತಾಯಿ ಆಯಿಯನ್ನೂ, ನೆರೆಮನೆಯ ಇಬ್ಬರು ಹೆಂಗಸರನ್ನೂ ಕರೆದು ಕೂರಿಸಿದಳು. ನಮ್ಮ ಕಡೆ ಮದುವೆಯಲ್ಲಿ ಬೀಗರ ಮೇಲೆ ಹಾಡು ಕಟ್ಟಿ ಆಡಿಕೊಳ್ಳುವುದು ನಿಮಗೂ ಗೊತ್ತಿರಬೇಕು. ಮೊದಲು ಬೀಗನನ್ನು ಅಟ್ಟಕ್ಕೇರಿಸಿ, ಮುಂದಿನ ಸಾಲಿನಲ್ಲೇ ಕೆಡವುತ್ತಾರೆ. ಹಾಡಿಸಿಕೊಂಡವನು ಸಿಟ್ಟಾದನೋ, ಸೋತ. ನಕ್ಕು, ಹಾಡಿದವರು ಕೇಳಿದ್ದನ್ನು ಕೊಡಬೇಕು. ಕಾಕಿ ಟೇಪ್ ಹಚ್ಚಿ, ಒಂದು ಸಾಲಾದ ಮೇಲೆ ಅದರ ಸದ್ದು ತಗ್ಗಿಸಿ, ಅದೇ ಬೀಗರ ಧಾಟಿಯಲ್ಲಿ ಎತ್ತಿಕೊಂಡಳು:

"ಹುಲಿ ಹಿಡದು ಹಾಲ ಹಿಂಡ್ಯಾನ ನಮ್ಮ ಬೀಗ,
ಸೂಜಿ ಕಂಡು ಹೊರಸಿನಡಿ ಹೊಕ್ಕಾನ!"

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಕಾಕಾನ ಮುಖ ಕೆಂಪಾಯಿತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದದ್ದು ನೆನಪಿದೆ.

"ಏ, ಆ ಹಾಡಿನ್ಯಾಗ ಹಂಗದ ಏನು?" ಎಂದ ಕಾಕಾ.

"ಮತ್ತ? ಸುರುವಿನಿಂದ ಅಂವ ನಗಾಕತ್ತಾನ್ರಿ. ಎದಿ ಬಡಕೊಂಡು ತಿರಗೋ ಗಂಡಸರನ್ನ ಆಡಿಕೊಳ್ಳಾಕತ್ತಾನ."

ಕಾಕಾ ಕಣ್ಣುಮುಚ್ಚಿದ. ಕೊನೆಗೆ ಮೀಸೆ ಅಲುಗಿತು. "ಅಲ್ಲಲೇ, ಇಷ್ಟು ವರ್ಷ ಊರ ಮಂದೀನೆಲ್ಲ ಕುಂದ್ರಿಸಿ ನನ್ನ ಮರ್ಯಾದಿ ನಾನೇ ಕಳಕೊಂಡೀನಿ!" ಎಂದು, ಜ್ವರದಲ್ಲೇ ಹೊರಸು ಅಲುಗುವಂತೆ ನಕ್ಕ. ನಕ್ಕು, "ಕೇಳ್ರಿ ಬೀಗತೇರ, ಏನು ಬೇಕು?" ಎಂದ.

"ದವಾಖಾನಿಗಿ ನಡೀರಿ," ಎಂದಳು ಕಾಕಿ.

ಅಪ್ಪ ಗಾಡಿ ತರಲು ಓಡಿದ. ನಿಲ್ಲಿಸಲು ಮರೆತ ಟೇಪು ಓಡುತ್ತಲೇ ಇತ್ತು. ಗಿಟಾರು ನಿಂತು, ಕೂಗುತ್ತಿದ್ದವನು ಇದ್ದಕ್ಕಿದ್ದಂತೆ ಮೆಲ್ಲಗೆ ಹಾಡತೊಡಗಿದ್ದ. ಆಯಿ ಕಿವಿಗೊಟ್ಟಳು. "ಆಡಿಕೊಂಡ ಮ್ಯಾಲ ಹರಸಿ ಬಿಡಬೇಕವ್ವ. ಕಡೀ ನುಡ್ಯಾಗ ಏನಂತಾನ?" ಎಂದಳು. ಕಾಕಿ ಕಿವಿಯವರೆಗೂ ಕೆಂಪಾಗಿ, ಸೆರಗು ಎಳೆದುಕೊಂಡು ಬಟನ್ ಒತ್ತಿ ಟೇಪ್ ನಿಲ್ಲಿಸಿದಳು. "ಅದೊಂದು ನನಗ ತಿಳಿವಲ್ದು ಅತ್ತಿ."

ಎರಡು ಬೆರಳು ಹೋದವು, ಕಾಲು ಉಳಿಯಿತು. ಕಾಕಾ ಕುಂಟುತ್ತಲೇ ಮತ್ತೆ ಡೋಜರ್ ಹತ್ತಿದ. ಹಾಡನ್ನು ಬಿಡಲಿಲ್ಲ; ಈಗ ಕೇಳಿಸುವ ಮೊದಲೇ "ಇದು ನನ್ನನ್ನ ಬೈದಿದ್ದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಗದ್ದೆಗಳಾದವು, ಕ್ಯಾಂಪು ಎದ್ದುಹೋಯಿತು. ಆಯಿ ಹೋದಳು. ನಾನು ಇಂಗ್ಲಿಷ್ ಓದಿ ಯಾದಗಿರಿಯಲ್ಲಿ ಪಾಠ ಹೇಳತೊಡಗಿದೆ. ಒಂದು ಚಳಿಗಾಲ ನಾಲ್ಕು ದಿನದ ಜ್ವರದಲ್ಲಿ ಕಾಕಿಯೂ ಹೋದಳು. ಕಾಕಾ ಅಳಲಿಲ್ಲ.

ದಿನಕರ್ಮ ಮುಗಿದ ಮೇಲೆ, ನಾನಿನ್ನೂ ಶಹಾಪುರದ ಮನೆಯಲ್ಲೇ ಇದ್ದಾಗ, ಟೇಪ್ ಹಿಡಿದು ನನ್ನ ಹತ್ತಿರ ಬಂದ. "ನಿಮ್ಮ ಕಾಕಿಗಿ ತಿಳೀದ ನುಡಿ ಒಂದು ಉಳದದ ನೋಡವ್ವ. ನೀ ಕಲತಾಕಿ. ಹೇಳು."

ಹಾಡಿನುದ್ದಕ್ಕೂ ಹುಲಿ ಇರಲಿಲ್ಲ, ಸೂಜಿಯೂ ಇರಲಿಲ್ಲ. ಅವೆರಡೂ ಕಾಕಿಯವೇ. ಆದರೆ ನಗು ಇತ್ತು, ಅವಳು ಕೇಳಿದ್ದು ಸುಳ್ಳಲ್ಲ. ಕಡೀ ನುಡಿಗೆ ಬಂದಾಗ ಟೇಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದೆ. ಇಡೀ ಹಾಡಿನಲ್ಲಿ ಅಷ್ಟು ಸುಲಭದ ಇಂಗ್ಲಿಷ್ ಬೇರೆಲ್ಲೂ ಇರಲಿಲ್ಲ. ಸಾಲಿ ಮಕ್ಕಳಿಗೂ ತಿಳಿಯುವಂಥದ್ದು. ಮಾಸ್ತರರ ಮಗಳಿಗೆ ತಿಳಿದೇ ಇತ್ತು. ಅತ್ತೆಯ ಮುಂದೆ, ನೆರೆಯವರ ಮುಂದೆ ಗಂಡನನ್ನು ಆಡಿಕೊಳ್ಳಬಹುದು. ಇದನ್ನು ಹೇಗೆ ಅನ್ನುವುದು?

"ಬಾಗಲಾ ಹಾಕಬ್ಯಾಡ್ರಿ, ಅಂವ ಬರ್ತಾನ ಅಂತದ ಕಾಕಾ. ಎಷ್ಟು ಒದರಾಡಿದ್ರೂ ಮನಿಗೇ ಬರ್ತಾನ, ಅವನ ಪಾಲಿನ ಊಟ ಬೆಚ್ಚಗಿಡ್ರಿ ಅಂತದ."

ಕಾಕಾ ಬಾಗಿಲ ಕಡೆ ತಿರುಗಿದ. "ಆಕಿ ಒಂದಿನಾನೂ ಚಿಲಕ ಹಾಕಿಲ್ಲವ್ವ," ಎಂದ. ಆಮೇಲೆ, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು, ಸಣ್ಣ ಮಕ್ಕಳಂತೆ ಅತ್ತ.

ಈಗ ಕಾಕಾನೂ ಇಲ್ಲ. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು, ಬಾಗಿಲೂ ಹೋಯಿತು. ಕ್ಯಾಸೆಟ್ ನನ್ನ ಹತ್ತಿರವಿದೆ, ಹಾಕಲು ಟೇಪ್ ಇಲ್ಲ. ಸಂಜೆ ಮನೆಯ ಮುಂದೆ ಲಾರಿಯೊಂದು ನಿಂತು ಡೀಸೆಲ್ ವಾಸನೆ ಒಳಗೆ ಬಂದರೆ ನನಗೆ ಹಸಿವಾಗುತ್ತದೆ. ಎದ್ದು ತಟ್ಟೆಗಳನ್ನು ಸರಿಸುತ್ತೇನೆ, ಆದರೆ ಕೂಡಲೇ ಬಡಿಸಿಕೊಳ್ಳುವುದಿಲ್ಲ.