ಚೆನ್ನಾಗಿದೀನಿ, ಊಟ ಆಯ್ತು

ನನ್ನ ಮಗಳಿಗೆ ಹತ್ತೊಂಬತ್ತು ವರ್ಷ, ಆಟಿಸಂ ಇದೆ. ಹೋದ ವರ್ಷ ಅವಳ ಅಪ್ಪ ತೀರಿಕೊಂಡಾಗ ಅವಳು ಅಳಲಿಲ್ಲ. ತಿಥಿಗೆ ಬಂದವರೆಲ್ಲ ಅದನ್ನೇ ಆಡಿಕೊಂಡರು. ಪಕ್ಕದ ಮನೆಯಾಕೆ ನನ್ನನ್ನು ಸಮಾಧಾನ ಮಾಡುವ ಧಾಟಿಯಲ್ಲಿ, "ಅವ್ಳಿಗೇನ್ ಗೊತ್ತಾಗ್ತೈತೆ ಬುಡಮ್ಮ, ಪುಣ್ಯವಂತೆ" ಅಂದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಗಳು ಊಟದ ತಟ್ಟೆ ದೂಡತೊಡಗಿದಳು. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು ತಲೆಯ ಹಿಂಭಾಗವನ್ನು ಗೋಡೆಗೆ ಚಚ್ಚಿಕೊಳ್ಳುವಳು. ಏನೂ ಗೊತ್ತಾಗುವುದಿಲ್ಲವಂತೆ! ಆ ಮಾತು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮಧುಗಿರಿಯ ಆಸ್ಪತ್ರೆಗೆ ತಿಂಗಳಿಗೊಂದು ದಿನ ಮನೋವೈದ್ಯರು ಬರುತ್ತಾರೆಂದು ತಿಳಿಯಿತು. ಮೊದಲ ಸಲ ಹೊರಟಾಗ, ಬಸ್ಸು ಹತ್ತಬೇಕಿದ್ದ ಐ.ಡಿ.ಹಳ್ಳಿಯಲ್ಲಿ ಮಗಳು ಬಸ್ಸಿನ ಹಾರನ್ನಿಗೇ ಬೆದರಿ, ಕಿವಿ ಮುಚ್ಚಿಕೊಂಡು ರಸ್ತೆಯಲ್ಲೇ ಕೂತುಬಿಟ್ಟಳು. ವಾಪಸ್ ಬಂದೆವು. ಮುಂದಿನ ತಿಂಗಳು ಜನವಿಲ್ಲದ ಮೊದಲ ಬಸ್ಸಿಗೇ ಹೊರಟು, ಡಾಕ್ಟರು ಬರುವುದಕ್ಕೆ ನಾಲ್ಕು ಗಂಟೆ ಮೊದಲೇ ಹೋಗಿ ಕಾದೆವು. ಅವಳು ಹಿಂದಿನ ದಿನದಿಂದ ಒಂದು ತುತ್ತೂ ತಿಂದಿರಲಿಲ್ಲ.

ಇಲ್ಲಿ ನನ್ನ ಹೆಮ್ಮೆಯೊಂದನ್ನು ಹೇಳಬೇಕು. ನಮ್ಮ ಕಡೆ ಎದುರು ಸಿಕ್ಕವರು ಚೆನ್ನಾಗಿದ್ದೀಯಾ, ಊಟ ಆಯ್ತಾ ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಇವಳು ಉತ್ತರ ಕೊಡದೆ ನಿಂತರೆ ಲೊಚಗುಟ್ಟುತ್ತಿದ್ದರು. ಅದನ್ನು ಸಹಿಸಲಾರದೆ, ಕಡ್ಲೆಮಿಠಾಯಿಯ ಚೂರು ಕೊಟ್ಟು ಕೊಟ್ಟು ಮೂರು ವರ್ಷ ಅದರ ಉತ್ತರವನ್ನು ಗಿಣಿಪಾಠ ಮಾಡಿಸಿದ್ದೆ.

ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. ನನ್ನನ್ನು ಬಿಟ್ಟು ನೇರವಾಗಿ ಅವಳನ್ನೇ ಕೇಳಿದರು, ಹೇಗಿದ್ದೀಯಮ್ಮ ಅಂತ. ಅವಳು ಗೋಡೆಯ ಫ್ಯಾನು ನೋಡುತ್ತಾ, ಸ್ಫುಟವಾಗಿ ಹೇಳಿದಳು:

"ಚೆನ್ನಾಗಿದೀನಿ. ಊಟ ಆಯ್ತು."

ಡಾಕ್ಟರ ಮುಖ ಅರಳಿತು. ನಾನು ಇಪ್ಪತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಮುಂದೆ ಹಿಂದಿನ ಸಾಲಿನ ಮಗು ಸರಿಯುತ್ತರ ಹೇಳಿದರೆ ಎದೆ ಉಬ್ಬುತ್ತದಲ್ಲ, ಹಾಗೆ ಉಬ್ಬಿತು. ಮಾತು ಇಷ್ಟು ಚೆನ್ನಾಗಿ ಬಂದಿದೆ, ನೀವು ಪುಣ್ಯ ಮಾಡಿದ್ದೀರಿ ಅಂದರು ಅವರು. ಟಾನಿಕ್ ಬರೆದರು. ಬೇರೆ ಏನಾದರೂ ತೊಂದರೆ ಇದೆಯಾ ಎಂದೂ ಕೇಳಿದರು. ಬಾಗಿಲಾಚೆ ಉದ್ದದ ಸಾಲಿತ್ತು. ನನ್ನ ನಾಲಿಗೆಗೆ ಏನು ದಾಡಿ ಬಂದಿತ್ತೋ, "ಇಲ್ಲ ಸಾರ್" ಅಂದೆ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳು ಇಡ್ಲಿ ತಟ್ಟೆಯನ್ನು ದೂಡಿದಾಗ ನನಗೆ ಎಚ್ಚರವಾಯಿತು. ನಾನು ತೋರಿಸಲು ಹೋಗಿದ್ದು ಅವಳ ದುಃಖವನ್ನು, ತೋರಿಸಿ ಬಂದದ್ದು ನನ್ನ ಪಾಠವನ್ನು. ಅವಳನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ವಾಪಸ್ ಓಡಿದೆ. ಡಾಕ್ಟರ ಕುರ್ಚಿ ಖಾಲಿ. ಕಸ ಗುಡಿಸುತ್ತಿದ್ದಾಕೆ ತಲೆಯೆತ್ತದೆ, "ಪಾವಗಡಕ್ಕೆ ಹೊಂಟೋದ್ರು ಕಣಮ್ಮ. ಇನ್ ಬರೋ ತಿಂಗ್ಳೇಯ" ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಯಾರು ಮುಟ್ಟಿದರೂ ಕೊಸರಿಕೊಳ್ಳುವ ಮಗಳು ತಾನಾಗಿ ನನ್ನ ಕೈ ಎಳೆದುಕೊಂಡಳು. ತಲೆಯ ಹಿಂದೆ, ಕೂದಲೊಳಗೆ ಊದಿಕೊಂಡಿದ್ದ ಕಡೆ ನನ್ನ ಅಂಗೈ ಇಟ್ಟು ಒತ್ತಿ ಹಿಡಿದಳು. ಅಲ್ಲಿ ಬಿಸಿಯಾಗಿತ್ತು. ಬಸ್ಸು ಊರು ತಲುಪುವವರೆಗೂ ಬಿಡಲಿಲ್ಲ. ಅವಳು ಹುಟ್ಟಿದಾಗಿನಿಂದ ಇಷ್ಟು ಸ್ಪಷ್ಟವಾಗಿ ನನಗೆ ಏನನ್ನೂ ಹೇಳಿರಲಿಲ್ಲ. ಡಾಕ್ಟರು ಮತ್ತೆ ಬರುವುದಕ್ಕೆ ಇನ್ನೂ ಒಂದು ತಿಂಗಳಿತ್ತು.