ಗುರುಗುಟ್ಟುವ ಮಿಶನ್ನಿನ ಜೊತೆ ಮುಂಬಯಿಗೆ

ನನ್ನ ಮಗಳಿಗೆ ಉಬ್ಬಸ ಶುರುವಾದದ್ದು ನಾಲ್ಕನೇ ವಯಸ್ಸಿನಲ್ಲಿ. ಬೈಲಹೊಂಗಲದಲ್ಲಿ ನಮ್ಮ ಮನೆ ಮಾರುಕಟ್ಟೆಗೆ ಹತ್ತಿರ. ಹತ್ತಿ ಸುಗ್ಗಿ ಬಂತೆಂದರೆ ಒಣಹಾಕಿದ ಬಟ್ಟೆಗೂ ಎಳೆ ಅಂಟುತ್ತಿತ್ತು, ಅವಳ ಎದೆಯಲ್ಲಿ ಸಿಳ್ಳೆ ಕೇಳುತ್ತಿತ್ತು. ಡಾಕ್ಟರು ನೆಬ್ಯುಲೈಜರ್ ತರಲು ಹೇಳಿದರು. ಔಷಧವನ್ನು ಹಬೆ ಮಾಡಿ ಮುಖವಾಡದ ಮೂಲಕ ಮಗುವಿಗೆ ಕೊಡುವ ಯಂತ್ರ ಅದು. ತೂಕದಲ್ಲಿ ಮಿಕ್ಸರಿನಂತೆ, ಸದ್ದಿನಲ್ಲಿ ಮಿಕ್ಸರಿಗಿಂತ ಜೋರು. ನಮ್ಮ ಮನೆಯಲ್ಲಿ ಅದನ್ನು ಮಿಶನ್ನು ಎಂದಷ್ಟೇ ಕರೆಯುತ್ತಿದ್ದೆವು.

ಮಿಶನ್ನಿಗೆ ಕರೆಂಟು ಬೇಕು. ಹೀಗಾಗಿ ಊರಿಂದೂರಿಗೆ ಹೋಗುವಾಗ ನನ್ನ ಕಣ್ಣು ಮೊದಲು ಹುಡುಕುತ್ತಿದ್ದದ್ದು ಪ್ಲಗ್ಗನ್ನು. ಒಮ್ಮೆ ಬಸ್ಸಿನಲ್ಲಿ ರಾಮದುರ್ಗಕ್ಕೆ ಹೊರಟಾಗ ದಾರಿಯ ಧೂಳಿಗೆ ಅವಳ ಉಸಿರು ಕಟ್ಟತೊಡಗಿತು. ಸವದತ್ತಿಯಲ್ಲಿ ಇಳಿದು ಎದುರಿಗೆ ಕಂಡ ಝೆರಾಕ್ಸ್ ಅಂಗಡಿಗೆ ನುಗ್ಗಿದೆ. ಅಂಗಡಿಯವರು ಏನೂ ಕೇಳದೆ ತಮ್ಮ ಯಂತ್ರದ ವಾಯರು ಕಿತ್ತು ನಮ್ಮದನ್ನು ಹಾಕಿದರು. ಹತ್ತು ನಿಮಿಷ ಗಿರಾಕಿಗಳೆಲ್ಲ ಜಾತಿ ಪ್ರಮಾಣಪತ್ರ ಹಿಡಿದುಕೊಂಡು ಕಾದು ನಿಂತಿದ್ದರು.

ಮಗಳಿಗೆ ಆರು ವರ್ಷವಾದಾಗ, ಮುಂಬಯಿಯಲ್ಲಿದ್ದ ನನ್ನ ನಾದಿನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಸಣ್ಣದು, ತವರಿಗೆ ಕರೆತರುವಂತಿರಲಿಲ್ಲ. ಅತ್ತೆಯೇ ಬಾಣಂತನಕ್ಕೆ ಅಲ್ಲಿಗೆ ಹೋಗಬೇಕಾಯಿತು. ಅವರು ಒಬ್ಬರೇ ಹೋಗಲಾರರು. ಸುಗ್ಗಿಯ ದಿನಗಳಾದ್ದರಿಂದ ನನ್ನ ಗಂಡ ಹತ್ತಿ ವ್ಯಾಪಾರದ ಅಡತಿ ಅಂಗಡಿ ಬಿಡುವಂತಿಲ್ಲ. ನಾನು ಹೋಗಬೇಕು, ನಾನು ಹೋದರೆ ಮಗಳೂ ಬರಬೇಕು. ರಾತ್ರಿಯಿಡೀ ಬಸ್ಸಿನ ಪ್ರಯಾಣ ಎಂದಾಗ ಡಾಕ್ಟರು ಬೇಡವೆಂದು ತಲೆ ಅಲ್ಲಾಡಿಸಿದರು. ಬೆಳಗಾವಿಯಿಂದ ಆಗ ಮುಂಬಯಿಗೆ ಸಣ್ಣದೊಂದು ವಿಮಾನ ಹೋಗುತ್ತಿತ್ತು. ನಾದಿನಿಯ ಗಂಡ ಮೂರು ಟಿಕೆಟ್ ಕಳಿಸಿಯೇಬಿಟ್ಟರು.

ನಾನು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, "ವಿಮಾನದಾಗ ಪ್ಲಗ್ಗ ಇರತೈತೇನ್ರಿ?"

"ಇರೂದಿಲ್ರಿ ಬಾಯಾರ. ಮ್ಯಾಲ ಹೋದಾಗ ಬೇಕಾತಂದ್ರ ಈ ನೀಲಿ ಪಂಪು ಹೊಡೀರಿ. ಮಿಶನ್ ಮಾತ್ರ ಕೈಯಾಗ ಇಟಗೋರಿ, ದೊಡ್ಡ ಬ್ಯಾಗಿನ್ಯಾಗ ಹಾಕಿ ಕಳಸಬ್ಯಾಡ್ರಿ."

ಪಂಪನ್ನು, ಅಂದರೆ ಇನ್ಹೇಲರನ್ನು, ನೇರವಾಗಿ ಬಾಯಿಗೆ ಹೊಡೆಯುವಂತಿರಲಿಲ್ಲ. ಅದನ್ನು ಪ್ಲಾಸ್ಟಿಕ್ಕಿನ ಒಂದು ಬುರುಡೆಗೆ ಸಿಕ್ಕಿಸಿ, ಬುರುಡೆಯಿಂದ ಮಗು ನಿಧಾನವಾಗಿ ಐದು ಸಲ ಉಸಿರೆಳೆದುಕೊಳ್ಳಬೇಕು. ಎಂಟು ದಿನ ಮನೆಯಲ್ಲಿ ತಾಲೀಮು ನಡೆಯಿತು. ಎಣಿಸುವ ಕೆಲಸ ಅತ್ತೆಯದು. ಅವರು ಧಾನ್ಯ ಅಳೆಯುವವರಂತೆ ಗಟ್ಟಿಯಾಗಿ ಎಣಿಸುತ್ತಿದ್ದರು.

ವಿಮಾನದವರಿಗೆ ತೋರಿಸಲು ಡಾಕ್ಟರಿಂದ ಇಂಗ್ಲಿಷಿನಲ್ಲಿ ಚೀಟಿ ಬರೆಸಿಕೊಂಡೆ. ಮೊದಲು ಬರೆದದ್ದು ನನಗೇ ಓದಲು ಬರಲಿಲ್ಲ. ಇನ್ನೊಮ್ಮೆ ಬರೆದುಕೊಡಿರೆಂದು ಕೇಳಿದೆ. ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟು ನಕ್ಕರು: "ಇಷ್ಟ ಚಂದ ಬರದದ್ದು ಹತ್ತನೇ ಕ್ಲಾಸಿನ ಪರೀಕ್ಷಾದಾಗ ನೋಡ್ರಿ, ಆಮ್ಯಾಲೆ ಈಗ."

ಹೊರಡುವ ದಿನ ನಮ್ಮ ಓಣಿಯ ಡ್ರೈವರ್ ಚಾಚಾ ಜೀಪು ತಂದರು. ಮುಂದೆ ಹತ್ತಿ ಲಾರಿ ಕಂಡಾಗಲೆಲ್ಲ "ಕಾಚ ಏರಸ್ರಿ, ಕಾಚ ಏರಸ್ರಿ" ಎನ್ನುತ್ತ ಕಿಟಕಿಯ ಗಾಜು ಮುಚ್ಚಿಸಿ, ನೇಸರಗಿ ಮಾರ್ಗವಾಗಿ ಎರಡು ತಾಸು ಮೊದಲೇ ನಮ್ಮನ್ನು ವಿಮಾನ ನಿಲ್ದಾಣದ ಬಾಗಿಲಿಗೆ ಮುಟ್ಟಿಸಿದರು. ಅಲ್ಲಿ ಬಾಗಿಲು ಕಾಯುವವರನ್ನು ಬಿಟ್ಟರೆ ಇನ್ನೂ ಯಾರೂ ಬಂದಿರಲಿಲ್ಲ.

ತಪಾಸಣೆಯಲ್ಲಿ ಅತ್ತೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಸಲೀಸಾಗಿ ದಾಟಿತು. ಮಿಶನ್ನು ದಾಟಲಿಲ್ಲ. ದಪ್ಪ ಮೀಸೆಯ ಅಧಿಕಾರಿ ಅದನ್ನು ಎತ್ತಿ ಮೇಜಿನ ಮೇಲಿಟ್ಟು, ಹಿಂದಿಯಲ್ಲಿ ಇದೇನು ಎಂದು ಕೇಳಿದರು. ಸಿನಿಮಾ ನೋಡಿ ಕಲಿತ ನನ್ನ ಹಿಂದಿ ಆ ಹೊತ್ತಿಗೆ ಕೈಕೊಟ್ಟಿತು. ಚೀಟಿ ಚಾಚಿದೆ. ಅವರು ಎರಡು ಸಲ ಓದಿ, "ಚಾಲೂ ಕರಕೇ ದಿಖಾವೋ" ಎಂದು ಗೋಡೆಯ ಪ್ಲಗ್ಗನ್ನು ತೋರಿಸಿದರು.

ಸ್ವಿಚ್ ಹಾಕಿದೆ. ಗರ್ರ್ ಎಂದು ಸದ್ದು ಎದ್ದದ್ದೇ ತಡ, ಅಷ್ಟೊತ್ತಿಗೆ ಸೇರಿದ್ದ ಹತ್ತಿಪ್ಪತ್ತು ಜನ ತಿರುಗಿ ನೋಡಿದರು. ನನ್ನ ಮಗಳು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಆ ಸದ್ದು ಕೇಳಿದರೆ ಏನು ಮಾಡಬೇಕೆಂದು ಎರಡು ವರ್ಷದಿಂದ ಅವಳಿಗೆ ರೂಢಿ. ನೆಟ್ಟಗೆ ಹೋಗಿ ಅಧಿಕಾರಿಯ ಖುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಮುಖವಾಡವನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಔಷಧ ಹಾಕಿಲ್ಲ, ಏಳವಾ!" ಎಂದೆ.

"ಮತ್ತ ಯಾಕ ಚಾಲೂ ಮಾಡಿದಿ?" ಎಂದು ಮುಖವಾಡದೊಳಗಿನಿಂದಲೇ ಕೇಳಿದಳು.

ಅಧಿಕಾರಿಗೆ ಕನ್ನಡ ಬರದಿದ್ದರೂ ಅರ್ಥವಾಯಿತು. ಮೀಸೆಯ ಕೆಳಗೆ ನಗು ಮೂಡಿತು. ಮಿಶನ್ನನ್ನು ತಾವೇ ವಾಯರು ಸುತ್ತಿ ಚೀಲಕ್ಕೆ ಹಾಕಿ ಕೊಟ್ಟರು. ವಾಯರು ನಾನು ಸುತ್ತಿದ್ದಕ್ಕಿಂತ ಚೆನ್ನಾಗಿಯೇ ಸುತ್ತಿದ್ದರು.

ವಿಮಾನ ರೆಕ್ಕೆಗೆ ಪಂಖ ಇದ್ದದ್ದು, ಬಸ್ಸಿನಷ್ಟೇ ಅಗಲ. ಮೇಲೇರಿ ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ತೂತಿನಿಂದ ಬರುತ್ತಿದ್ದ ತಣ್ಣನೆ ಗಾಳಿಗೆ ಮಗಳು ಕೆಮ್ಮತೊಡಗಿದಳು. ಒಣ ಕೆಮ್ಮು, ಬಿಟ್ಟು ಬಿಟ್ಟು. ಆ ಕೆಮ್ಮಿನ ಹಿಂದೆ ಏನು ಬರುತ್ತದೆಂದು ನನಗೆ ಗೊತ್ತು. ಬುರುಡೆಗೆ ಪಂಪು ಸಿಕ್ಕಿಸಲು ಮೂರು ಸಲ ಒದ್ದಾಡಿದೆ. ಗಗನಸಖಿ ಓಡಿ ಬಂದು ಗಾಳಿಯ ತೂತನ್ನು ಮುಚ್ಚಿ, ಹೊದಿಕೆ ತಂದುಕೊಟ್ಟಳು. ಒಂದು ಸಲ ಪಂಪು, ಐದು ಉಸಿರು. ತುಸು ಬಿಟ್ಟು ಇನ್ನೊಂದು ಸಲ, ಮತ್ತೆ ಐದು. ಹತ್ತು ನಿಮಿಷದಲ್ಲಿ ಅವಳ ಭುಜಗಳು ಏರಿಳಿಯುವುದು ನಿಂತಿತು. ಎದೆಗೆ ಕಿವಿ ಹಚ್ಚಿದೆ. ಪಂಖದ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಮುಖ ನೋಡಿದೆ, ಕಿಟಕಿಯ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಅಷ್ಟು ಸಾಕಾಯಿತು.

ಅಷ್ಟರಲ್ಲಿ ಘಟ್ಟದ ಮೇಲೆ ವಿಮಾನ ಕುಲುಕಾಡಿತು. ಅತ್ತೆ ಸೀಟಿನ ಕೈ ಹಿಡಿದು, ತುಟಿ ಬಿಗಿದು, ಉಸಿರನ್ನೇ ನಿಲ್ಲಿಸಿ ಕೂತುಬಿಟ್ಟರು. ಮುಖ ಕೆಂಪಾಗುತ್ತಿತ್ತು. ನಾನು ಏನಾದರೂ ಹೇಳುವುದರೊಳಗೆ ಮಗಳು ತಿರುಗಿ ಅಜ್ಜಿಯ ಗಲ್ಲ ಹಿಡಿದಳು.

"ಆಯಿ, ಉಸರ ಹಿಡೀಬ್ಯಾಡ. ಮೂಗಿಲೆ ತಗೋ, ಬಾಯಿಲೆ ಬಿಡು. ನಾ ಎಣಸ್ತೇನಿ."

"ನೀ ಏನ್ ಎಣಸ್ತಿ ಬಿಡವಾ, ಮುಂದ ನೋಡ್ಕೋತ ಕುಂಡರು."

"ಮಾತಾಡಬ್ಯಾಡ. ಒಂದ..."

ಆರು ವರ್ಷದವಳ ದನಿಯಲ್ಲಿ ಥೇಟ್ ಡಾಕ್ಟರರ ಗತ್ತಿತ್ತು. ಅತ್ತೆ ತೆಪ್ಪಗೆ ಉಸಿರೆಳೆದರು, ಬಿಟ್ಟರು. ಐದು ಮುಗಿದ ಮೇಲೆ ತಾವಾಗಿಯೇ, "ಇನ್ನೊಂದ್ ಐದ ಎಣಸ" ಎಂದರು. ಅಜ್ಜಿ ಮೊಮ್ಮಗಳು ಮುಂಬಯಿ ಬರುವವರೆಗೂ ಹಾಗೆ ಎಣಿಸುತ್ತಲೇ ಇದ್ದರು. ಮುಂದಿನ ಸೀಟಿನ ಗೃಹಸ್ಥರೊಬ್ಬರು ಒಂದೆರಡು ಸಲ ಹಿಂತಿರುಗಿ ನೋಡಿ, ಕೊನೆಗೆ ತಾವೂ ದೀರ್ಘವಾಗಿ ಉಸಿರಾಡತೊಡಗಿದ್ದನ್ನು ನಾನು ಕಂಡೆ.

ಮುಂಬಯಿಯ ಮನೆಯಲ್ಲಿ ಕೂಸನ್ನು ತೋರಿಸಿದಾಗ ಮಗಳು ಮಾಡಿದ ಮೊದಲ ಕೆಲಸ, ಅದರ ಎದೆಗೆ ಕಿವಿ ಇಟ್ಟದ್ದು. ಬಹಳ ಹೊತ್ತು ಕೇಳಿ, "ಸಿಳ್ಳಿ ಇಲ್ಲ" ಎಂದು ಎಲ್ಲರಿಗೂ ಹೇಳಿದಳು. ಮಂಚದ ಮೇಲಿದ್ದ ನನ್ನ ನಾದಿನಿ ನಗುತ್ತ ನಗುತ್ತ ಅತ್ತಳು. ಕೂಸು ಬದುಕುತ್ತದೋ ಇಲ್ಲವೋ ಎಂದು ಹದಿನೈದು ದಿನ ಹೆದರಿದ್ದಳಂತೆ. ಫೋನಿನಲ್ಲಿ ನಮಗೆ ಯಾರೂ ಅದನ್ನು ಹೇಳಿರಲಿಲ್ಲ.

ಅತ್ತೆ ಮೂರು ತಿಂಗಳು ಅಲ್ಲೇ ಉಳಿದರು. ನಾನು ಮಗಳು ಇಬ್ಬರೇ ವಾಪಸು ಬಂದೆವು. ಈ ಸಲ ಶಾಲು, ಪಂಪು, ಬುರುಡೆ ಎಲ್ಲ ಮೊದಲೇ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ವಿಮಾನ ನೆಲ ಬಿಡುವ ಮೊದಲೇ ಅವಳು ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಉಸಿರು ಹಗುರವಾಗಿತ್ತು. ಅರ್ಧ ತಾಸು ಅದನ್ನೇ ನೋಡುತ್ತಿದ್ದವಳು, ಆಮೇಲೆ ಮೊದಲ ಸಲ ಕಿಟಕಿಯಾಚೆ ನೋಡಿದೆ. ಕೆಳಗೆ ಘಟ್ಟಗಳ ಸಾಲು, ನಡುವೆ ಬಿಸಿಲು ಬಿದ್ದ ಒಂದು ಕೆರೆ, ಅದರ ದಂಡೆಗೆ ಹೋಗುವ ಸಣ್ಣ ದಾರಿ. ಗಗನಸಖಿ ಚಹಾ ಬೇಕೇ ಎಂದು ಕೇಳಿದಳು. ಬೇಕು ಎಂದೆ. ಬಿಸಿ ಇರುವಾಗಲೇ ಪೂರ್ತಿ ಕುಡಿದೆ.